ಭತ್ತದ ರೋಗಕ್ಕೆ ಕಾಡುಭತ್ತದ ಮದ್ದು

ಜೈವಿಕ ತಂತ್ರಜ್ಞಾನ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಎರಡು ಬಣಗಳು ಎದುರುಬದುರಾಗಿ ನಿಂತುಬಿಡುತ್ತವೆ. ಒಂದು ಬಣದ ದೃಷ್ಟಿಯಲ್ಲಿ ಅದು ದೇಶದ ಹಸಿವನ್ನು ನೀಗುವ ಅಕ್ಷಯಪಾತ್ರೆ. ಇನ್ನೊಂದರ ದೃಷ್ಟಿಯಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿಗಳು ರೈತನ ಕೊರಳಿಗೆ ತೊಡಿಸುವ ಕುಣಿಕೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ದಿನದಿಂದ ನಡೆದುಬಂದ ಈ ವಾಗ್ವಾದ, 2010ರಲ್ಲಿ ಬಿಟಿ ಬದನೆಯ ವಾಣಿಜ್ಯ ಬೇಸಾಯಕ್ಕೆ ತಡೆ ಬಿದ್ದಾಗ ತಾರಕಕ್ಕೇರಿತ್ತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ನಡೆಸಿದ ಸಾರ್ವಜನಿಕ ಸಭೆಗಳ ಗದ್ದಲವನ್ನು ಓದುಗರು ಮರೆತಿರಲಾರರು.

ಆದರೆ ಆ ಗದ್ದಲಕ್ಕೆ ಎರಡು ವರ್ಷ ಮೊದಲೇ, 2008ರಲ್ಲಿ, ಹೈದರಾಬಾದಿನ ಎರಡು ಸರ್ಕಾರಿ ಸಂಸ್ಥೆಗಳು ಜೈವಿಕ ತಂತ್ರಜ್ಞಾನದ ನೆರವಿನಿಂದ ರೂಪಿಸಿದ ಭತ್ತದ ತಳಿಯೊಂದು ಸದ್ದಿಲ್ಲದೆ ಬಿಡುಗಡೆಯಾಗಿತ್ತು. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ. ಯಾರೂ ಜಯಕಾರ ಹಾಕಲೂ ಇಲ್ಲ. ಅದು ಕುಲಾಂತರಿಯಲ್ಲ, ಅದಕ್ಕೆ ಕಂಪನಿಯ ಮುದ್ರೆಯಿಲ್ಲ. ದಶಕಗಳಿಂದ ಭತ್ತದ ಬೆಳೆಗಾರರನ್ನು ಕಾಡಿದ ದುಂಡಾಣು ಎಲೆ ಅಂಗಮಾರಿ ರೋಗವನ್ನು ಅದು ತಡೆಯುತ್ತದೆ, ಅಷ್ಟೆ. ಕೃಷಿಯಲ್ಲಿ ಜೈವಿಕ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಚರ್ಚೆ ಹಿಡಿಯಬೇಕಾದ ಸರಿದಾರಿಯನ್ನು ತಿಳಿಯಬೇಕಾದರೆ ಈ ತಳಿಯ ಕಥೆಯನ್ನು ಒಮ್ಮೆ ನೋಡುವುದು ಒಳಿತು.

ಮದ್ದಿಲ್ಲದ ರೋಗ

ಈ ರೋಗವನ್ನು ಮೊದಲು ಗುರುತಿಸಿದವರು ವಿಜ್ಞಾನಿಗಳಲ್ಲ, ರೈತರು. ಜಪಾನಿನ ಫುಕುವೊಕಾ ಪ್ರಾಂತ್ಯದ ಬೇಸಾಯಗಾರರು 1884ರ ಸುಮಾರಿಗೆ ತಮ್ಮ ಗದ್ದೆಗಳಲ್ಲಿ ಭತ್ತದ ಗರಿಗಳು ತುದಿಯಿಂದ ಒಣಗುತ್ತ ಬರುವುದನ್ನು ಕಂಡಿದ್ದರು. ಕಾರಣ ಕ್ಸಾಂಥೋಮೊನಾಸ್ ಒರೈಝೇ ಎಂಬ ದುಂಡಾಣು. ಗರಿಯ ಅಂಚಿನಲ್ಲಿ ನೀರು ಜಿನುಗುವ ಸೂಕ್ಷ್ಮ ರಂಧ್ರಗಳ ಮೂಲಕ, ಇಲ್ಲವೇ ಗಾಳಿಮಳೆಗೆ ಸೀಳಿದ ಗಾಯಗಳ ಮೂಲಕ ಅದು ಒಳಹೊಕ್ಕು, ನೀರು ಸಾಗಿಸುವ ನಾಳಗಳಲ್ಲೇ ಬೀಡುಬಿಟ್ಟು ವೃದ್ಧಿಸುತ್ತದೆ. ಗರಿಯ ಅಂಚಿನುದ್ದಕ್ಕೂ ಹಳದಿ ಪಟ್ಟೆ ಮೂಡಿ, ಕೆಲವೇ ದಿನಗಳಲ್ಲಿ ಹಸಿರು ಗದ್ದೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ರೋಗ ತಗುಲಿದ ಗರಿಯನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಕತ್ತರಿಸಿದ ತುದಿಯಿಂದ ಹಾಲಿನಂಥ ದ್ರವ ಎಳೆಯಾಗಿ ಇಳಿಯುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಅದರಲ್ಲಿರುವುದು ಲಕ್ಷೋಪಲಕ್ಷ ದುಂಡಾಣುಗಳು.

ಭಾರತದಲ್ಲಿ ಈ ರೋಗ 1950ರ ದಶಕದಲ್ಲಿ ಮಹಾರಾಷ್ಟ್ರದಿಂದ ವರದಿಯಾಯಿತು. 1963ರಲ್ಲಿ ಬಿಹಾರದ ಶಹಾಬಾದ್ ಜಿಲ್ಲೆಯಲ್ಲಿ ಸಾಂಕ್ರಾಮಿಕವಾಗಿ ಹಬ್ಬಿತು. ಅದರ ಬೆನ್ನಿಗೇ ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಬಂದವು. ಸಾರಜನಕ ಗೊಬ್ಬರ ಹೆಚ್ಚಿದಷ್ಟೂ ದಟ್ಟವಾಗಿ, ರಸವತ್ತಾಗಿ ಬೆಳೆಯುವ ಗದ್ದೆ ದುಂಡಾಣುವಿಗೆ ಹೇಳಿ ಮಾಡಿಸಿದ ಆವಾಸ. ಹೀಗಾಗಿ ಇಳುವರಿ ಹೆಚ್ಚಿಸಿದ ಬೇಸಾಯ ಕ್ರಮವೇ ರೋಗಕ್ಕೂ ಇಂಬುಕೊಟ್ಟಿತು. ರೋಗ ಬಂದ ಗದ್ದೆಯಲ್ಲಿ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಇಳುವರಿ ನಷ್ಟವಾದರೆ, ಎಳೆಯ ಪೈರಿಗೇ ತಗುಲಿದಾಗ ಶೇ 50ನ್ನೂ ಮೀರಬಹುದು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗದ ಬೆಳೆಗಾರರಿಗೆ ಈ ರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿಲ್ಲ.

ಶಿಲೀಂಧ್ರ ರೋಗಗಳಿಗೆ ಮಾರುಕಟ್ಟೆಯಲ್ಲಿ ಬಗೆಬಗೆಯ ಔಷಧಗಳಿವೆ. ದುಂಡಾಣು ರೋಗಗಳ ವಿಷಯ ಹಾಗಲ್ಲ. ಒಮ್ಮೆ ನಾಳದೊಳಗೆ ಸೇರಿಕೊಂಡ ದುಂಡಾಣುವನ್ನು ಹೊರಗಿನ ಸಿಂಪಡಣೆಯಿಂದ ನಿರ್ಮೂಲ ಮಾಡುವುದು ದುಸ್ಸಾಧ್ಯ. ಆದರೂ ಬೆಳೆ ಕಣ್ಣೆದುರೇ ಒಣಗುತ್ತಿರುವಾಗ ರೈತ ಕೈಕಟ್ಟಿ ಕೂರಲಾರ. ತಾಮ್ರದ ಆಕ್ಸಿಕ್ಲೋರೈಡಿನೊಂದಿಗೆ ಸ್ಟ್ರೆಪ್ಟೊಮೈಸಿನ್ ಹಾಗೂ ಟೆಟ್ರಾಸೈಕ್ಲಿನ್ ಮಿಶ್ರಣವನ್ನು ಸಿಂಪಡಿಸುವುದು ದಶಕಗಳಿಂದ ರೂಢಿಯಾಗಿದೆ.

ಇಲ್ಲಿ ನಗರವಾಸಿ ಓದುಗರು ಕಿವಿ ನಿಮಿರಿಸಬೇಕು. ಸ್ಟ್ರೆಪ್ಟೊಮೈಸಿನ್ ಎಂಬುದು ಕ್ಷಯರೋಗಕ್ಕೆ ದೊರೆತ ಮೊತ್ತಮೊದಲ ಪರಿಣಾಮಕಾರಿ ಔಷಧ. 1943ರಲ್ಲಿ ಪತ್ತೆಯಾದ ಅದು ಇಂದಿಗೂ ವೈದ್ಯರ ಬತ್ತಳಿಕೆಯಲ್ಲಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಅಂಥ ದೇಶದಲ್ಲಿ ಮನುಷ್ಯರ ಜೀವ ಉಳಿಸುವ ಔಷಧವನ್ನು ಗದ್ದೆ ತೋಟಗಳ ಮೇಲೆ ಸಿಂಪಡಿಸಿದರೆ ಮಣ್ಣು ನೀರುಗಳಲ್ಲಿ ಔಷಧಕ್ಕೆ ಜಗ್ಗದ ಸೂಕ್ಷ್ಮಾಣುಗಳು ತಲೆಯೆತ್ತುವ ಅಪಾಯವಿದೆ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಈ ಎರಡು ಔಷಧಗಳ ಕೃಷಿ ಬಳಕೆಯನ್ನು 2024ರ ವೇಳೆಗೆ ಸಂಪೂರ್ಣ ನಿಲ್ಲಿಸುವ ಆದೇಶದ ಕರಡನ್ನು ಹೊರಡಿಸಿದ್ದು ಈ ಕಾರಣಕ್ಕೇ. ಉದ್ದೇಶ ಒಳ್ಳೆಯದೇ. ಆದರೆ ಸಿಂಪಡಿಸಬೇಡ ಎಂದ ಮೇಲೆ ಮುಂದೇನು ಎಂದು ರೈತ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ? ಆ ಉತ್ತರ ಇರುವುದು ಔಷಧದ ಡಬ್ಬಿಯಲ್ಲಿ ಅಲ್ಲ, ಬೀಜದಲ್ಲಿ.

ಮಾಲಿಯಿಂದ ಕಟಕ್‌ಗೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೌಗು ನೆಲದಲ್ಲಿ ಒರೈಝಾ ಲಾಂಜಿಸ್ಟಾಮಿನಾಟಾ ಎಂಬ ಕಾಡುಭತ್ತ ಬೆಳೆಯುತ್ತದೆ. ಬೆಳೆಗಾರರ ಪಾಲಿಗೆ ಅದು ಕಳೆ. ಆ ಕಾಡುಭತ್ತದ ಒಂದು ಮಾದರಿ ಒಡಿಶಾದ ಕಟಕ್‌ನಲ್ಲಿರುವ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು ತಲುಪಿತ್ತು. 1970ರ ದಶಕದ ಕೊನೆಯ ವೇಳೆಗೆ ಅಲ್ಲಿನ ವಿಜ್ಞಾನಿಗಳು ಅದರ ವಿಶೇಷವನ್ನು ಕಂಡುಕೊಂಡರು: ಎಲೆ ಅಂಗಮಾರಿಯ ದುಂಡಾಣುವನ್ನು ಎಷ್ಟು ಬಗೆಯಾಗಿ ಚುಚ್ಚಿದರೂ ಅದಕ್ಕೆ ರೋಗ ತಗುಲುತ್ತಿರಲಿಲ್ಲ.

ಅಲ್ಲಿಂದ ಆ ಮಾದರಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಹೋಯಿತು. ಪಂಜಾಬ್ ಮೂಲದ ಖ್ಯಾತ ತಳಿವಿಜ್ಞಾನಿ ಗುರುದೇವ್ ಸಿಂಗ್ ಖುಶ್ ಮತ್ತು ಅವರ ಸಂಗಡಿಗರು ಸುಮಾರು ಹನ್ನೆರಡು ವರ್ಷ ದುಡಿದು, ಕಾಡುಭತ್ತದ ಆ ನಿರೋಧಕ ಗುಣವನ್ನು ಸಾಂಪ್ರದಾಯಿಕ ಸಂಕರಣದಿಂದಲೇ ನಾಡಭತ್ತಕ್ಕೆ ತಂದರು. ಆ ಗುಣಕ್ಕೆ ಕಾರಣವಾದ ವಂಶವಾಹಿಗೆ 'ಎಕ್ಸ್‌ಎ 21' ಎಂದು ಹೆಸರಾಯಿತು. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಮೇಲಾ ರೊನಾಲ್ಡ್ ಅವರ ತಂಡ ಆ ವಂಶವಾಹಿಯನ್ನು ಬೇರ್ಪಡಿಸಿ, ಅದರ ರಚನೆಯನ್ನು ಬಿಡಿಸಿಟ್ಟಿತು. ಗಿಡದ ಜೀವಕೋಶದ ಗೋಡೆಯ ಬಳಿ ನಿಂತ ಕಾವಲುಗಾರನಂತೆ ಅದು ಕೆಲಸ ಮಾಡುತ್ತದೆ. ದುಂಡಾಣು ಹೊರಸೂಸುವ ಒಂದು ಪುಟ್ಟ ಪ್ರೋಟೀನನ್ನು ಗುರುತಿಸಿದೊಡನೆ ಇಡೀ ಜೀವಕೋಶವನ್ನು ಎಚ್ಚರಿಸುತ್ತದೆ.

ವಿಶ್ವವಿದ್ಯಾಲಯ ಈ ವಂಶವಾಹಿಗೆ ಪೇಟೆಂಟ್ ಪಡೆದಾಗ ಸಹಜವಾಗಿಯೇ ಪ್ರಶ್ನೆ ಎದ್ದಿತು. ಗಿಡ ಮಾಲಿಯದು, ಗುಣ ಕಂಡವರು ಕಟಕ್‌ನವರು, ನಾಡಭತ್ತಕ್ಕೆ ತಂದವರು ಫಿಲಿಪ್ಪೀನ್ಸ್‌ನ ಸಂಸ್ಥೆಯವರು. ಹಕ್ಕು ಮಾತ್ರ ಅಮೆರಿಕದ್ದೇ? ಈ ಟೀಕೆಗೆ ಉತ್ತರವಾಗಿ 1990ರ ದಶಕದ ಮಧ್ಯಭಾಗದಲ್ಲಿ, ಲಾಭದ ಒಂದು ಪಾಲನ್ನು ಮೂಲ ದೇಶಗಳ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಮೀಸಲಿಡುವ ನಿಧಿಯೊಂದನ್ನು ಡೇವಿಸ್‌ನಲ್ಲಿ ಸ್ಥಾಪಿಸಲಾಯಿತು. ಪರವಾನಗಿ ಪಡೆದ ಕಂಪನಿಗಳು ಬೆಳೆಯನ್ನು ಮಾರುಕಟ್ಟೆಗೆ ತಂದರೆ ತಾನೇ ಲಾಭ? ಅದು ಆಗಲಿಲ್ಲ, ನಿಧಿಯ ಆಶಯ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಆದರೆ ಅದೇ ವಂಶವಾಹಿ ಇನ್ನೊಂದು ದಾರಿಯಲ್ಲಿ, ಯಾರ ಪರವಾನಗಿಯ ಹಂಗೂ ಇಲ್ಲದೆ, ಸಂಕರಣದ ಮೂಲಕ ಏಷ್ಯಾದ ಗದ್ದೆಗಳನ್ನು ತಲುಪತೊಡಗಿತು.

ಗುರುತು ಹಿಡಿಯುವ ವಿದ್ಯೆ

ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ದಕ್ಷಿಣ ಭಾರತದ ಅಡುಗೆಮನೆಯ ಅಚ್ಚುಮೆಚ್ಚಿನ ಅಕ್ಕಿ. ನಮ್ಮ ಅಂಗಡಿಗಳಲ್ಲಿ ಸೋನಾ ಮಸೂರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಣ್ಣಕ್ಕಿಯಲ್ಲಿ ಇದೂ ಸೇರಿದೆ. ಕಾಳು ಸಣ್ಣ, ಅನ್ನ ಉದುರುದುರು, ಬೆಲೆಯೂ ಉತ್ತಮ. ಕೊರತೆಯೆಂದರೆ ಅಂಗಮಾರಿ ರೋಗಕ್ಕೆ ಅದು ಬಹುಬೇಗ ಬಲಿಯಾಗುತ್ತದೆ. ರೋಗ ತಡೆಯುವ ಬೇರೆ ತಳಿಗಳು ಇರಲಿಲ್ಲವೆಂದಲ್ಲ. ಆದರೆ ಊಟಕ್ಕೆ ಒಗ್ಗದ, ಗಿರಣಿಯವರು ಕೊಳ್ಳದ ಅಕ್ಕಿಯನ್ನು ರೈತ ಬೆಳೆದು ಮಾಡುವುದೇನು? ಸಾಂಬಾ ಮಸೂರಿಯಾಗಿಯೇ ಉಳಿಯಬೇಕು, ರೋಗ ಮಾತ್ರ ಬರಬಾರದು. ವಿಜ್ಞಾನಿಗಳ ಎದುರಿಗಿದ್ದ ಸವಾಲು ಇದು.

ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಹಾಗೂ ಅಂದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಜೊತೆಗೂಡಿ ಈ ಕೆಲಸಕ್ಕೆ ಕೈಹಾಕಿದವು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ, ಮೂರು ನಿರೋಧಕ ವಂಶವಾಹಿಗಳನ್ನು ಒಟ್ಟಿಗೆ ಹೊತ್ತ ಭತ್ತದ ಸಾಲೊಂದನ್ನು ದಾನಿಯಾಗಿ ಆರಿಸಿಕೊಂಡರು. ಮಾಲಿಯ ಕಾಡುಭತ್ತದ ಎಕ್ಸ್‌ಎ 21ರ ಜೊತೆಗೆ ಎಕ್ಸ್‌ಎ 5 ಮತ್ತು ಎಕ್ಸ್‌ಎ 13 ಎಂಬ ಇನ್ನೆರಡು ಅದರಲ್ಲಿದ್ದವು. ಈ ಎರಡೂ ನಮ್ಮ ಉಪಖಂಡದ, ಮುಖ್ಯವಾಗಿ ಬಂಗಾಳ ಸೀಮೆಯ ಔಸ್ ಗುಂಪಿನ ಹಳೆಯ ನಾಟಿ ಭತ್ತಗಳಲ್ಲಿ ಕಂಡುಬಂದ ಗುಣಗಳು.

ದಾನಿಯನ್ನು ಸಾಂಬಾ ಮಸೂರಿಯೊಂದಿಗೆ ಸಂಕರಿಸಿದರೆ ಹುಟ್ಟುವ ಸಸಿಯಲ್ಲಿ ಎರಡರ ಗುಣಗಳೂ ಅರ್ಧರ್ಧ ಬೆರೆತಿರುತ್ತವೆ. ಅದನ್ನು ಮತ್ತೆ ಮತ್ತೆ ಸಾಂಬಾ ಮಸೂರಿಯೊಂದಿಗೇ ಕೂಡಿಸುತ್ತ ಹೋದರೆ ತಲೆಮಾರಿನಿಂದ ತಲೆಮಾರಿಗೆ ದಾನಿಯ ಪಾಲು ಅರ್ಧಕ್ಕೆ ಇಳಿಯುತ್ತ ಬರುತ್ತದೆ. ಇದು ಹಳೆಯ ವಿದ್ಯೆ. ಆದರೆ ಪ್ರತಿ ಹಂತದಲ್ಲೂ ಬೇಡದ್ದು ಹೋಗಿ ಬೇಕಾದ ಮೂರು ವಂಶವಾಹಿಗಳು ಉಳಿದಿವೆಯೇ ಎಂದು ತಿಳಿಯುವುದು ಹೇಗೆ? ರೋಗವನ್ನು ತಗುಲಿಸಿ ನೋಡಿದರೆ ಸಾಲದು. ಎಕ್ಸ್‌ಎ 21 ಒಂದೇ ಇದ್ದರೂ ಗಿಡಕ್ಕೆ ರೋಗ ಬರುವುದಿಲ್ಲ. ಉಳಿದೆರಡು ಇವೆಯೋ ಇಲ್ಲವೋ ಹೊರನೋಟಕ್ಕೆ ತಿಳಿಯದು. ಮೇಲಾಗಿ ಎಕ್ಸ್‌ಎ 5 ಹಾಗೂ ಎಕ್ಸ್‌ಎ 13 ಸುಪ್ತ ಗುಣಗಳು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತವೆ. ಒಬ್ಬರಿಂದ ಬಂದಾಗ ಮರೆಯಲ್ಲಿ ಕುಳಿತಿರುತ್ತವೆ.

ಜೈವಿಕ ತಂತ್ರಜ್ಞಾನ ಪ್ರವೇಶಿಸಿದ್ದು ಇಲ್ಲಿ. ಪ್ರತಿ ವಂಶವಾಹಿಯ ಬಳಿ ಇರುವ ಡಿಎನ್ಎ ಗುರುತುಗಳನ್ನು ಪ್ರಯೋಗಾಲಯದಲ್ಲಿ ಓದಬಹುದು. ಮೊಳೆತ ಸಸಿಯ ಗರಿಯ ಚೂರೊಂದು ಸಾಕು. ಅದರಲ್ಲಿ ಯಾವ ವಂಶವಾಹಿ ಇದೆ, ಯಾವುದು ಇಲ್ಲ ಎಂದು ಹೇಳಬಹುದು. ಮೂರೂ ಇರುವ ಸಸಿಯನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತೆಸೆಯಬಹುದು. ಇಲ್ಲಿ ವಂಶವಾಹಿಯನ್ನು ಹೊರಗಿನಿಂದ ತುರುಕುವ ಕೆಲಸವಿಲ್ಲ. ಸಂಕರಣ ನಡೆಯುವುದು ಪರಾಗದಿಂದಲೇ. ಆಯ್ಕೆ ಮಾತ್ರ ಕುರುಡಾಗಿ ನಡೆಯದೆ ಕಣ್ತೆರೆದು ನಡೆಯುತ್ತದೆ. ಹೀಗೆ ಹುಟ್ಟಿದ್ದು 'ಸುಧಾರಿತ ಸಾಂಬಾ ಮಸೂರಿ'. ಇದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದೇ ಕ್ರಮದಲ್ಲಿ ಸುಧಾರಿತ ಪೂಸಾ ಬಾಸ್ಮತಿ 1 ತಳಿಯನ್ನು ಹೊರತಂದಿತ್ತು. 2021ರಲ್ಲಿ ಅದೇ ಸಂಸ್ಥೆ ಪೂಸಾ ಬಾಸ್ಮತಿ 1847, 1885 ಮತ್ತು 1886 ಎಂಬ ಮೂರು ತಳಿಗಳನ್ನು ನೀಡಿತು. ಅವು ಅಂಗಮಾರಿಯ ಜೊತೆಗೆ ಬೆಂಕಿ ರೋಗವನ್ನೂ ತಡೆಯುತ್ತವೆ. ಔಷಧದ ಉಳಿಕೆ ಕಂಡರೆ ಐರೋಪ್ಯ ಮಾರುಕಟ್ಟೆ ಬಾಸ್ಮತಿಯನ್ನು ಹಿಂದಕ್ಕೆ ಕಳಿಸುವ ಈ ಕಾಲದಲ್ಲಿ, ಸಿಂಪಡಣೆ ಬೇಡದ ತಳಿಯ ಬೆಲೆಯೇನೆಂಬುದು ರಫ್ತುದಾರರಿಗೆ ಗೊತ್ತು.

ಒಂದೇ ಬೀಗ ಸಾಲದು

ಮೂರು ವಂಶವಾಹಿಗಳೇಕೆ, ಒಂದು ಸಾಲದೇ ಎಂಬ ಪ್ರಶ್ನೆ ಸಹಜ. ಉತ್ತರಕ್ಕಾಗಿ ಬಿಟಿ ಹತ್ತಿಯ ಕಡೆ ನೋಡಬಹುದು. ಒಂದೇ ವಿಷ ಪ್ರೋಟೀನನ್ನು ನಂಬಿದ ಮೊದಲ ಪೀಳಿಗೆಯ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಜಗ್ಗುತ್ತಿಲ್ಲವೆಂದು 2010ರಲ್ಲಿ ಗುಜರಾತಿನಿಂದ ವರದಿ ಬಂತು. ಬಿಡುಗಡೆಯಾಗಿ ಎಂಟೇ ವರ್ಷವಾಗಿತ್ತು. ದುಂಡಾಣುಗಳ ಪೀಳಿಗೆ ಹುಳುಗಳದ್ದಕ್ಕಿಂತ ಎಷ್ಟೋ ಪಟ್ಟು ಬೇಗ ಉರುಳುತ್ತದೆ. ಎಕ್ಸ್‌ಎ 4 ಎಂಬ ಒಂದೇ ನಿರೋಧಕ ವಂಶವಾಹಿಯನ್ನು ನಂಬಿ ಏಷ್ಯಾದುದ್ದಕ್ಕೂ ಬೆಳೆದ ಭತ್ತದ ತಳಿಗಳು ಕೆಲವು ವರ್ಷಗಳಲ್ಲಿಯೇ ದುಂಡಾಣುವಿನ ಹೊಸ ರೂಪಗಳಿಗೆ ಸೋತಿದ್ದವು. ಎಕ್ಸ್‌ಎ 5, 13, 21 ಈ ಮೂರನ್ನೂ ಬಿಡಿಬಿಡಿಯಾಗಿ ಮಣಿಸಬಲ್ಲ ದುಂಡಾಣುಗಳು ಭಾರತದಲ್ಲೇ ಪತ್ತೆಯಾಗಿವೆ. ಆದರೆ ಮೂರನ್ನೂ ಒಟ್ಟಿಗೆ ಮಣಿಸಲು ದುಂಡಾಣು ಏಕಕಾಲಕ್ಕೆ ಮೂರು ಬಗೆಯಲ್ಲಿ ಬದಲಾಗಬೇಕು. ಬಾಗಿಲಿಗೆ ಮೂರು ಬೀಗ ಜಡಿದರೆ ಕಳ್ಳನ ಕೆಲಸ ಅಸಾಧ್ಯವಾಗುವುದಿಲ್ಲ; ಬಹಳ ಕಷ್ಟವಾಗುತ್ತದೆ.

ಇದರಿಂದ ಎರಡು ಪಾಠಗಳಿವೆ. ಮೊದಲನೆಯದು, ನಿರೋಧಕ ತಳಿ ಬಿಡುಗಡೆಯಾದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಗದ್ದೆಗಳಲ್ಲಿರುವ ದುಂಡಾಣು ಹೇಗೆ ಬದಲಾಗುತ್ತಿದೆ ಎಂದು ವರ್ಷವರ್ಷವೂ ಗಮನಿಸುತ್ತಿರಬೇಕು. ಎರಡನೆಯದು, ನಾಳೆ ಬೇಕಾಗುವ ಬೀಗಗಳು ಎಲ್ಲಿವೆಯೆಂಬುದು ಇಂದು ನಮಗೆ ತಿಳಿಯದು. ಕಳೆಯೆಂದು ಕಿತ್ತೆಸೆಯುವ ಕಾಡುಭತ್ತದಲ್ಲೋ, ಅಜ್ಜಂದಿರ ಕಾಲಕ್ಕೇ ಕೈಬಿಟ್ಟ ನಾಟಿ ಭತ್ತದಲ್ಲೋ ಅವು ಇರಬಹುದು. ನಾಟಿ ತಳಿಗಳನ್ನು ಕಾಪಾಡುವವರನ್ನೂ ಪ್ರಯೋಗಾಲಯದಲ್ಲಿ ವಂಶವಾಹಿ ಓದುವವರನ್ನೂ ವಿರೋಧಿಗಳೆಂದು ಬಿಂಬಿಸುವುದು ನಮ್ಮ ಚರ್ಚೆಗಳ ದೊಡ್ಡ ದೋಷ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಪೂರ್ಣವಾಗದು.

ಸಕ್ಕರೆಯ ಕಳ್ಳತನ

ಈ ಸಂಶೋಧನೆಯ ಮುಂದಿನ ಅಧ್ಯಾಯ ಇನ್ನೂ ಕುತೂಹಲಕರ. ದುಂಡಾಣು ಗಿಡದೊಳಗೆ ಬದುಕುವುದು ಗಿಡದ ಸಕ್ಕರೆಯಿಂದ. ಆ ಸಕ್ಕರೆಯನ್ನು ಪಡೆಯಲು ಅದು ಒಂದು ಉಪಾಯ ಹೂಡುತ್ತದೆ. ತನ್ನ ಪ್ರೋಟೀನುಗಳನ್ನು ಗಿಡದ ಜೀವಕೋಶದೊಳಗೆ ಚುಚ್ಚಿ, ಸಕ್ಕರೆಯನ್ನು ಹೊರಸಾಗಿಸುವ 'ಸ್ವೀಟ್' ಎಂಬ ವಂಶವಾಹಿಗಳ ಗುಂಡಿ ಒತ್ತುತ್ತದೆ. ಗಿಡ ತನ್ನ ಸಕ್ಕರೆಯನ್ನು ತಾನೇ ಕಳ್ಳನಿಗೆ ಬಡಿಸುತ್ತದೆ. ಎಕ್ಸ್‌ಎ 13ರ ಗುಟ್ಟು ತಿಳಿದದ್ದು ಆಗ. ಅದು ಹೊಸದೊಂದು ಅಸ್ತ್ರವಲ್ಲ. ಆ ಗುಂಡಿಯೇ ಕೊಂಚ ಬದಲಾಗಿರುವ ಸ್ವೀಟ್ ವಂಶವಾಹಿ. ದುಂಡಾಣು ಒತ್ತಲು ಹೋದರೆ ಬೆರಳಿಗೆ ಗುಂಡಿ ಸಿಗುವುದಿಲ್ಲ.

ದುಂಡಾಣುವಿನ ಪ್ರೋಟೀನು ಡಿಎನ್ಎಯ ಯಾವ ಜಾಗವನ್ನು ಹುಡುಕಿ ಕೂರುತ್ತದೆ ಎಂಬುದರ ಹಿಂದಿನ ಸರಳ ಸಂಕೇತವನ್ನು 2009ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಬಿಡಿಸಿದವು. ಆ ಸಂಕೇತದಿಂದಲೇ ವಂಶವಾಹಿಯನ್ನು ನಿಖರವಾಗಿ ಕತ್ತರಿಸುವ 'ಟ್ಯಾಲೆನ್' ಎಂಬ ಉಪಕರಣ ಹುಟ್ಟಿತು. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಇದೇ ಉಪಕರಣದಿಂದ ಭತ್ತದ ಸ್ವೀಟ್ ವಂಶವಾಹಿಯ ಗುಂಡಿಯನ್ನು ತಿದ್ದಿ ರೋಗ ತಡೆದರು. ರೋಗಾಣುವಿನಿಂದ ಕಲಿತ ವಿದ್ಯೆ ರೋಗಾಣುವಿಗೇ ತಿರುಮಂತ್ರವಾಯಿತು. ಅನಂತರ ಬಂದ, 2020ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರವಾದ ಕ್ರಿಸ್ಪರ್ ತಂತ್ರ ಈ ಕೆಲಸವನ್ನು ಇನ್ನಷ್ಟು ಸುಲಭ ಮಾಡಿತು. 2019ರಲ್ಲಿ ಹಲವು ದೇಶಗಳ ಸಂಶೋಧಕರು ಜೊತೆಗೂಡಿ ಭತ್ತದ ಮೂರು ಸ್ವೀಟ್ ವಂಶವಾಹಿಗಳನ್ನು ಒಟ್ಟಿಗೆ ತಿದ್ದಿ, ವ್ಯಾಪಕ ನಿರೋಧಕ ಶಕ್ತಿಯುಳ್ಳ ಭತ್ತವನ್ನು ಪ್ರಕಟಿಸಿದರು.

ಇಂಥ ಬೆಳೆ ಕುಲಾಂತರಿಯೇ? ಎಕ್ಸ್‌ಎ 13ರಲ್ಲಿ ಪ್ರಕೃತಿ ಮಾಡಿದ ತಿದ್ದುಪಡಿಯನ್ನೇ ಇಲ್ಲಿ ಮನುಷ್ಯ ಮಾಡಿದ್ದಾನೆ. ಅಂತಿಮ ಗಿಡದಲ್ಲಿ ಅನ್ಯ ಜೀವಿಯ ವಂಶವಾಹಿ ಉಳಿದಿರುವುದಿಲ್ಲ. ಈ ತರ್ಕವನ್ನು ಒಪ್ಪಿದ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್ 30ರಂದು ಇಂಥ ಸರಳ ತಿದ್ದುಪಡಿಯ ಬೆಳೆಗಳನ್ನು 1989ರ ನಿಯಮಾವಳಿಯ ಕಟ್ಟುನಿಟ್ಟಾದ ಕುಲಾಂತರಿ ನಿಬಂಧನೆಗಳಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ದೇಶದ ಮೊದಲ ಎರಡು ವಂಶವಾಹಿ-ತಿದ್ದಿದ ಭತ್ತಗಳನ್ನು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಅವುಗಳಲ್ಲಿ ಒಂದಾದ 'ಕಮಲಾ' ಸಾಂಬಾ ಮಸೂರಿಯದೇ ರೂಪ. ಅವುಗಳ ಗುರಿ ಇಳುವರಿ ಹಾಗೂ ಬರ ಸಹಿಷ್ಣುತೆ; ರೋಗ ನಿರೋಧವಲ್ಲ. ಆದರೆ ಬಾಗಿಲು ತೆರೆದಿದೆ.

ತೆರೆದ ಬಾಗಿಲಿನಿಂದ ಯಾರು ಒಳಬರುತ್ತಾರೆ ಎಂಬುದು ಮುಖ್ಯ. ಕ್ರಿಸ್ಪರ್ ಕತ್ತರಿಯ ಪೇಟೆಂಟ್‌ಗಳು ವಿದೇಶಿ ವಿಶ್ವವಿದ್ಯಾಲಯಗಳು, ಸಂಸ್ಥೆಗಳು ಹಾಗೂ ಬೀಜ ಕಂಪನಿಗಳ ಕೈಯಲ್ಲಿವೆ. ಪ್ರಯೋಗಾಲಯದಲ್ಲಿ ಬಳಸುವುದು ಒಂದು ಮಾತು, ಬೀಜ ಮಾರುವುದು ಇನ್ನೊಂದು ಮಾತು. ಹೊಸ ಭತ್ತಗಳ ಮೇಲೆ ಯಾರಿಗೆ ಯಾವ ಹಕ್ಕಿದೆ, ಸುರಕ್ಷತಾ ಪರೀಕ್ಷೆಯ ವಿವರಗಳೇನು ಎಂಬ ಪ್ರಶ್ನೆಗಳನ್ನು ರೈತ ಸಂಘಟನೆಗಳು ಎತ್ತಿವೆ. ಅವನ್ನು ವಿಜ್ಞಾನ ವಿರೋಧವೆಂದು ತಳ್ಳಿಹಾಕುವುದು ತರವಲ್ಲ. ಬೀಜ, ಸಸ್ಯ ಹಾಗೂ ತಳಿಗಳಿಗೆ ಪೇಟೆಂಟ್ ಇಲ್ಲವೆನ್ನುವ ಭಾರತೀಯ ಪೇಟೆಂಟ್ ಕಾಯಿದೆಯ ಕಲಮು, ಬೀಜ ಉಳಿಸುವ, ಬಿತ್ತುವ, ಬ್ರ್ಯಾಂಡ್ ಇಲ್ಲದೆ ಮಾರುವ ರೈತನ ಹಕ್ಕನ್ನು ಮಾನ್ಯ ಮಾಡಿರುವ 2001ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆ - ಇವೆರಡೂ ನಮ್ಮ ಶಾಸನ ನಿರ್ಮಾಪಕರು ದೂರದೃಷ್ಟಿಯಿಂದ ಕಟ್ಟಿದ ಗೋಡೆಗಳು. ಹೊಸ ತಂತ್ರಜ್ಞಾನದ ಹೆಸರಿನಲ್ಲಿ ಅವುಗಳಲ್ಲಿ ಕಿಂಡಿ ಕೊರೆಯಲು ಅವಕಾಶವಾಗಬಾರದು.

ಕಾಡು ಬಂಧು ಸಿಗದಾಗ

ಎಲ್ಲ ಬೆಳೆಗಳಿಗೂ ಭತ್ತದ ಭಾಗ್ಯವಿಲ್ಲ. ದಾಳಿಂಬೆಯನ್ನೇ ನೋಡಿ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ಹಬ್ಬಿದಾಗ ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಭಾಗದ ಎಷ್ಟೋ ಬೆಳೆಗಾರರು ಸಾಲ ತಂದು ಬೆಳೆಸಿದ ತೋಟಗಳನ್ನು ಬುಡಸಮೇತ ಕಿತ್ತುಹಾಕಿದರು. ಅದೂ ಭತ್ತದ ರೋಗಾಣುವಿನ ಕುಲಕ್ಕೇ ಸೇರಿದ ಕ್ಸಾಂಥೋಮೊನಾಸ್. ಕಾಯಿಯ ಮೇಲೆ ಕಪ್ಪು ಕಲೆ ಮೂಡಿ, ಸಿಪ್ಪೆ ಸೀಳಿದರೆ ಒಳಗಿನ ಕಾಳು ಕೆಂಪಗಿದ್ದರೂ ಕೊಳ್ಳುವವರಿಲ್ಲ. ಮಾರುಕಟ್ಟೆ ಮೆಚ್ಚುವ ಭಗವಾ ತಳಿಗೆ ರೋಗ ತಡೆಯುವ ಗುಣವಿಲ್ಲ. ಹಣ್ಣಿನ ಗಿಡದಲ್ಲಿ ತಲೆಮಾರಿನ ಮೇಲೆ ತಲೆಮಾರು ಸಂಕರಣ ನಡೆಸಲು ವರ್ಷಗಟ್ಟಲೆ ಕಾಯಬೇಕು. ಸದ್ಯಕ್ಕೆ ತಂತ್ರಜ್ಞಾನ ನೀಡಬಲ್ಲ ನೆರವೆಂದರೆ ರೋಗಮುಕ್ತ ಅಂಗಾಂಶ ಕೃಷಿ ಸಸಿಗಳು ಮತ್ತು ಕಣ್ಣಿಗೆ ಕಾಣುವ ಮುನ್ನವೇ ರೋಗಾಣುವನ್ನು ಪತ್ತೆ ಹಚ್ಚುವ ಡಿಎನ್ಎ ಪರೀಕ್ಷೆ. ರೋಗ ದೂರದ ಊರುಗಳಿಗೆ ಹೋಗುವುದು ಬಹುಪಾಲು ಸೋಂಕಿತ ಸಸಿಗಳ ಬೆನ್ನೇರಿ. ಆದ್ದರಿಂದ ನರ್ಸರಿಗಳ ತಪಾಸಣೆಯಂಥ ಸಪ್ಪೆ ಕೆಲಸವೂ ರೋಗ ನಿಯಂತ್ರಣವೇ.

ಉಗಾಂಡದ ಕಥೆ ಇನ್ನೂ ಕಠಿಣ. ಅಲ್ಲಿ ಬಾಳೆ ಹಣ್ಣಿನ ಬುಟ್ಟಿಯ ಅಲಂಕಾರವಲ್ಲ, ದಿನನಿತ್ಯದ ಊಟ. 2001ರಲ್ಲಿ ಕಾಣಿಸಿಕೊಂಡ ದುಂಡಾಣು ಸೊರಗು ರೋಗ ತೋಟಗಳನ್ನು ನುಂಗುತ್ತ ಹೋಯಿತು. ಬಾಳೆಯ ಬೆಳೆದ ತಳಿಗಳಲ್ಲಿ ಬೀಜವೇ ಇಲ್ಲದ ಕಾರಣ ಸಂಕರಣದ ದಾರಿ ಬಹಳ ಕಷ್ಟದ್ದು. ಭಾರತ ಮೂಲದ ವಿಜ್ಞಾನಿ ಲೀನಾ ತ್ರಿಪಾಠಿ ಮತ್ತು ಸಂಗಡಿಗರು ದೊಣ್ಣೆ ಮೆಣಸಿನಕಾಯಿಯ ವಂಶವಾಹಿಗಳನ್ನು ಬಾಳೆಗೆ ಸೇರಿಸಿದರು. ತೈವಾನಿನ ಸಂಸ್ಥೆಯೊಂದು ರಾಜಧನವಿಲ್ಲದೆ ಅವನ್ನು ನೀಡಿತ್ತು. ಉಗಾಂಡದ ಕವಾಂಡಾದಲ್ಲಿ 2010ರಿಂದ ನಡೆದ ಕ್ಷೇತ್ರ ಪ್ರಯೋಗದಲ್ಲಿ ಹಲವು ಸಾಲುಗಳು ರೋಗಕ್ಕೆ ಪೂರ್ಣ ನಿರೋಧ ತೋರಿದವು. 2017ರಲ್ಲಿ ಅಲ್ಲಿನ ಸಂಸತ್ತು ಜೈವಿಕ ಸುರಕ್ಷತಾ ಮಸೂದೆಯನ್ನು ಅಂಗೀಕರಿಸಿತಾದರೂ ಅಧ್ಯಕ್ಷ ಮುಸೆವೆನಿ ಅಂಕಿತ ಹಾಕದೆ ಹಿಂದಿರುಗಿಸಿದರು. ಇಲ್ಲಿರುವುದು ಅಪ್ಪಟ ಕುಲಾಂತರಿ. ಆದರೆ ಕಂಪನಿಯಿಲ್ಲ, ರಾಜಧನವಿಲ್ಲ, ಬೇರೆ ದಾರಿ ಸುಲಭವಿಲ್ಲ. ಕುಲಾಂತರಿಯೆಂಬ ಒಂದೇ ಕಾರಣಕ್ಕೆ ಬಿಟಿ ಹತ್ತಿಗೆ ಹಾಕುವ ತಕ್ಕಡಿಯಲ್ಲೇ ಇದನ್ನೂ ತೂಗುವುದು ನ್ಯಾಯವೇ?

ಕೇಳಬೇಕಾದ ಪ್ರಶ್ನೆಗಳು

ಹಾಗಾಗಿ ಜೈವಿಕ ತಂತ್ರಜ್ಞಾನ ಬೇಕೋ ಬೇಡವೋ ಎಂಬುದು ಸರಿಯಾದ ಪ್ರಶ್ನೆಯೇ ಅಲ್ಲ. ಯಾವ ರೋಗಕ್ಕೆ, ಯಾವ ತಂತ್ರ, ಯಾರ ಒಡೆತನದಲ್ಲಿ, ಎಷ್ಟು ಕಾಲ ಬಾಳುವಂತೆ ಎಂದು ಬೆಳೆಬೆಳೆಗೂ ಪ್ರತ್ಯೇಕವಾಗಿ ಕೇಳಬೇಕು. ನಿರೋಧಕ ಗುಣ ಬೆಳೆಯ ಬಂಧುಗಳಲ್ಲೇ ಇದ್ದು ಸಂಕರಣದಿಂದ ಸಾಧ್ಯವಾಗುವುದಾದರೆ ಗುರುತು ಆಧಾರಿತ ಆಯ್ಕೆಯೇ ಮೊದಲ ಆದ್ಯತೆಯಾಗಬೇಕು. ಅದು ಸಾಧ್ಯವಾಗದಲ್ಲಿ ತಿದ್ದುಪಡಿ. ಅದೂ ಸಾಲದಿದ್ದರೆ, ಮುಕ್ತ ಪರೀಕ್ಷೆ ಮತ್ತು ಪಾರದರ್ಶಕ ದಾಖಲೆಗಳೊಂದಿಗೆ, ಕುಲಾಂತರಿ. ಕುಲಾಂತರಿ ಸಾಸಿವೆಯ ವಿಷಯದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರೂ, ರಾಷ್ಟ್ರೀಯ ನೀತಿಯೊಂದು ಬೇಕೆಂಬುದರಲ್ಲಿ ಇಬ್ಬರೂ ಒಂದಾಗಿದ್ದರು. ಆ ನೀತಿ ಇಂಥ ಮೆಟ್ಟಿಲುಗಳನ್ನು ಗುರುತಿಸುವಂತಾಗಬೇಕು.

ಸುಧಾರಿತ ಸಾಂಬಾ ಮಸೂರಿ ಹುಟ್ಟಿದ್ದು ಕಟಕ್, ಲೂಧಿಯಾನ, ಹೈದರಾಬಾದುಗಳ ಸರ್ಕಾರಿ ಸಂಸ್ಥೆಗಳು ದಶಕಗಳ ಕಾಲ ತಾಳ್ಮೆಯಿಂದ ದುಡಿದದ್ದರಿಂದ. ಮುಂದಿನ ತ್ರೈಮಾಸಿಕದ ಲಾಭ ನೋಡುವ ಖಾಸಗಿ ಕಂಪನಿಗೆ ಇಂಥ ತಳಿಯಲ್ಲಿ ಆಸಕ್ತಿ ಇರುವುದಿಲ್ಲ. ರೈತ ಒಮ್ಮೆ ಕೊಂಡ ಬೀಜವನ್ನು ವರ್ಷವರ್ಷ ತಾನೇ ಉಳಿಸಿಕೊಳ್ಳಬಲ್ಲ. ಸರ್ಕಾರಿ ಸಂಶೋಧನೆಗೆ ಹಣ, ಹುದ್ದೆ, ಸ್ವಾತಂತ್ರ್ಯಗಳನ್ನು ಕೊಡದೆ ಖಾಸಗಿಯವರ ಹಿಡಿತದ ಬಗ್ಗೆ ಮರುಗುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಪ್ರಯೋಗಾಲಯದಲ್ಲಿ ಗೆದ್ದ ತಳಿ ಬೀಜದ ಚೀಲವಾಗಿ ಊರು ತಲುಪದಿದ್ದರೆ ಗೆಲುವು ಅರ್ಧವೇ. ಬೀಜ ನಿಗಮಗಳು, ಕೃಷಿ ವಿಶ್ವವಿದ್ಯಾಲಯಗಳು ಹಾಗೂ ಗಿರಣಿ ಮಾಲೀಕರು ಒಟ್ಟಿಗೆ ಕುಳಿತು, ಯಾವ ಅಚ್ಚುಕಟ್ಟಿಗೆ ಎಷ್ಟು ನಿರೋಧಕ ಬೀಜ ಬೇಕೆಂದು ಮುಂಗಾರಿಗೆ ಮೊದಲೇ ಲೆಕ್ಕ ಹಾಕುವ ವ್ಯವಸ್ಥೆಯಾಗಬೇಕು. ಗದ್ದೆಗೆ ಪ್ರತಿಜೀವಕ ಸಿಂಪಡಿಸಬೇಡವೆಂದು ಹೇಳುವ ಅಧಿಕಾರಿ ಅದೇ ಕೈಯಿಂದ ರೋಗ ತಡೆಯುವ ಬೀಜವನ್ನೂ ಕೊಡುವಂತಾಗಬೇಕು. ರೈತ ಸಂಪರ್ಕ ಕೇಂದ್ರದ ಬಾಗಿಲಿಗೆ ಬಂದ ಬೆಳೆಗಾರನಿಗೆ ಬೇಕಾಗಿರುವುದು ಪರ ವಿರೋಧದ ಭಾಷಣವಲ್ಲ, ಆ ಬೀಜ.